ಗೆರೆ ಮೇಷ್ಟ್ರ ಅಂಚೆ: ಮೂವತ್ತೈದು ವರ್ಷ ನಾಲ್ಕನೇ ಕ್ಲಾಸು

ಹೋದ ತಿಂಗಳು ಪುಟದ ಕೊನೆಯಲ್ಲಿ ಜಾಗ ಉಳಿದಿದೆ ಅಂತ ಸಂಪಾದಕರು ಹೇಳಿದ್ದಕ್ಕೆ ನಾಲ್ಕು ಸಾಲು ಗೀಚಿದ್ದೆ. ತುಮಕೂರಿನ ಹೊರಪೇಟೆಯ ಒಂದು ರದ್ದಿ ಅಂಗಡಿಯಲ್ಲಿ ಹಳೇ ನೋಟ್‌ಬುಕ್ಕುಗಳ ಅಡಿಯಲ್ಲಿ ಅಮೆರಿಕದ ‘ಸಿಂಪ್ಸನ್ಸ್’ ಟಿವಿ ಕಾರ್ಟೂನಿನ ಚಿತ್ರಕಥೆ ಪತ್ರಿಕೆ ‘ಸಿಂಪ್ಸನ್ಸ್ ಕಾಮಿಕ್ಸ್’ ಹನ್ನೊಂದು ಸಂಚಿಕೆ ಸಿಕ್ಕವು, ತೂಕಕ್ಕೆ ತಂದೆ, ಈಗ ಮೊಮ್ಮಗಳೂ ನಾನೂ ಕಿತ್ತಾಡಿಕೊಂಡು ಓದುತ್ತಿದ್ದೇವೆ, ಅಂತ. ಅಷ್ಟೇ ಬರೆದದ್ದು. ಮೂರು ವರ್ಷದಿಂದ ಪೆನ್ಸಿಲ್ ಹಿಡಿಯುವ ಬಗೆ, ಬ್ರಷ್ ತೊಳೆಯುವ ಬಗೆ, ಕುದುರೆಯ ಕಾಲು ಬರೆಯುವ ಬಗೆ ಅಂತ ಬರೆದಾಗ ತಿಂಗಳಿಗೆ ಐದಾರು ಕಾಗದ ಬಂದರೆ ಹೆಚ್ಚು. ಈ ನಾಲ್ಕು ಸಾಲಿಗೆ ಕಟ್ಟುಗಟ್ಟಲೆ ಬಂದಿವೆ. ನನ್ನ ಕುದುರೆಗೆ ಸ್ವಲ್ಪ ಬೇಜಾರಾಗಿರಬಹುದು. ಇರಲಿ, ಈ ಸಲ ಪೂರ್ತಿ ಅದೇ ವಿಷಯ. ಹೆಸರು ಹಾಕುವ ಪದ್ಧತಿ ಈ ಪುಟದಲ್ಲಿಲ್ಲ, ಊರು ಮಾತ್ರ.

ಚಿಂತಾಮಣಿಯ ಬಿ.ಕಾಂ. ವಿದ್ಯಾರ್ಥಿ: ಸಿಂಪ್ಸನ್ಸ್ ಕಾರ್ಟೂನನ್ನು ಮೊಬೈಲಿನಲ್ಲಿ ತುಣುಕು ತುಣುಕು ನೋಡಿದ್ದು ಬಿಟ್ಟರೆ ಪೂರ್ತಿ ನೋಡಿಲ್ಲ. ನೇರವಾಗಿ ಕಾಮಿಕ್ಸ್ ಓದಿದರೆ ತಲೆಬುಡ ಗೊತ್ತಾಗುತ್ತಾ ಮೇಷ್ಟ್ರೇ?

ಗೊತ್ತಾಗುತ್ತಪ್ಪ. ನನಗೇ ಗೊತ್ತಾದ ಮೇಲೆ ನಿನಗೇನು. ಒಂದು ಮನೆ, ಐದು ಜನ. ಅಪ್ಪ ಹೋಮರ್, ಅಣುವಿದ್ಯುತ್ ಸ್ಥಾವರದಲ್ಲಿ ಸುರಕ್ಷತೆ ನೋಡಿಕೊಳ್ಳುವ ಕೆಲಸ; ನಾನಾದರೆ ಅವನ ಕೈಗೆ ಸೈಕಲ್ ಪಂಪು ಕೂಡ ಕೊಡೋದಿಲ್ಲ. ಅಮ್ಮ ಮಾರ್ಜ್, ತಲೆ ಮೇಲೆ ನೀಲಿ ಕೂದಲಿನ ಗೋಪುರ. ಹತ್ತು ವರ್ಷದ ತರಲೆ ಬಾರ್ಟ್, ಎಂಟು ವರ್ಷದ ಬುದ್ಧಿವಂತೆ ಲೀಸಾ, ಇನ್ನೂ ಮಾತು ಬಾರದ ಮ್ಯಾಗಿ. ಇವರನ್ನು ಸೃಷ್ಟಿಸಿದ ಮ್ಯಾಟ್ ಗ್ರೇನಿಂಗ್ ತಮ್ಮ ಮನೆಯವರ ಹೆಸರುಗಳನ್ನೇ ಇಟ್ಟುಬಿಟ್ಟರು: ಅವರ ಅಪ್ಪ ಹೋಮರ್, ಅಮ್ಮ ಮಾರ್ಗರೆಟ್, ತಂಗಿಯರು ಲೀಸಾ ಮತ್ತು ಮ್ಯಾಗಿ. ತಮ್ಮ ಹೆಸರು ಇಟ್ಟುಕೊಳ್ಳಲು ಮಾತ್ರ ಸಂಕೋಚವಾಯಿತೋ ಏನೋ, ತರಲೆ ಹುಡುಗ ಅನ್ನುವ ಅರ್ಥದ ‘ಬ್ರ್ಯಾಟ್’ ಪದದ ಅಕ್ಷರಗಳನ್ನು ಅದಲುಬದಲು ಮಾಡಿ ಬಾರ್ಟ್ ಅಂದರು.

1987ರಲ್ಲಿ ಟ್ರೇಸಿ ಉಲ್‌ಮನ್ ಅನ್ನುವ ನಟಿಯ ಟಿವಿ ಕಾರ್ಯಕ್ರಮದ ನಡುವೆ ಬರುತ್ತಿದ್ದ ಪುಟ್ಟ ತುಣುಕುಗಳು ಇವು. 1989ರ ಡಿಸೆಂಬರಿನಲ್ಲಿ ಅರ್ಧ ಗಂಟೆಯ ಧಾರಾವಾಹಿಯಾಯಿತು. 1993ರಲ್ಲಿ ಗ್ರೇನಿಂಗ್ ಮತ್ತು ಜೊತೆಯವರು ಸೇರಿ ಬೋಂಗೊ ಕಾಮಿಕ್ಸ್ ಅನ್ನುವ ಪ್ರಕಾಶನ ಶುರು ಮಾಡಿದರು. ಗ್ರೇನಿಂಗ್ ಟಿವಿಗೆ ಬರುವ ಮುಂಚೆ ಪತ್ರಿಕೆಗೆ ಬರೆಯುತ್ತಿದ್ದ ಚಿತ್ರಪಟ್ಟಿಯಲ್ಲಿ ಒಂಟಿ ಕಿವಿಯ ಮೊಲವೊಂದಿತ್ತು, ಅದರ ಹೆಸರು ಬೋಂಗೊ. ಅವರು ತಂದ ‘ಸಿಂಪ್ಸನ್ಸ್ ಕಾಮಿಕ್ಸ್’ 2018ರ ತನಕ ಬಂದು 245ನೇ ಸಂಚಿಕೆಗೆ ನಿಂತಿತು. ಹೆಚ್ಚಿನವು ಸಂಚಿಕೆಯೊಳಗೇ ಮುಗಿಯುವ ಕಥೆಗಳು. ಯಾವುದು ಕೈಗೆ ಸಿಕ್ಕರೆ ಅದರಿಂದ ಶುರು ಮಾಡು.

ತಿಪಟೂರಿನ ನಿವೃತ್ತ ಗ್ರಾಮಲೆಕ್ಕಾಧಿಕಾರಿ: ಮೂವತ್ತು ವರ್ಷ ದಾಖಲೆ ತಾಳೆ ನೋಡಿದವನು ನಾನು. ಮೊಮ್ಮಕ್ಕಳ ಜೊತೆ ಈ ಧಾರಾವಾಹಿ ನೋಡುತ್ತೇನೆ. 1989ರಲ್ಲಿ ಹತ್ತು ವರ್ಷದ ಹುಡುಗ ಇವತ್ತೂ ಹತ್ತು ವರ್ಷವೇ? ಟಿವಿಯಲ್ಲಿ ಒಂದು, ಕಾಮಿಕ್ಸಿನಲ್ಲಿ ಇನ್ನೊಂದು ಇದ್ದರೆ ಯಾವುದನ್ನು ಮೂಲ ದಾಖಲೆ ಅಂತ ಹಿಡಿಯಬೇಕು?

ಮೂಲ ದಾಖಲೆ ಟಿವಿಯದು ಸ್ವಾಮಿ. ಕಾಮಿಕ್ಸಿನಲ್ಲಿ ಏನೇ ಆದರೂ ಟಿವಿಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಮೂಲ ದಾಖಲೆಯನ್ನೇ ನೀವು ನೋಡಿದರೆ ಅಮಾನತ್ತು ಮಾಡಿಸುತ್ತೀರಿ, ಅಷ್ಟು ತಿದ್ದುಪಡಿ ಅದರಲ್ಲಿ. 1991ರ ಒಂದು ಕಂತಿನಲ್ಲಿ ಹೋಮರ್ ಮತ್ತು ಮಾರ್ಜ್ ಹೈಸ್ಕೂಲಿನಲ್ಲಿ ಪರಿಚಯವಾದದ್ದು 1974ರಲ್ಲಿ ಅಂತಿದೆ. 2008ರ ಕಂತೊಂದರಲ್ಲಿ ನೋಡಿದರೆ ಅದೇ ಗಂಡ ಹೆಂಡತಿ ತೊಂಬತ್ತರ ದಶಕದಲ್ಲಿ ಇನ್ನೂ ಮದುವೆಯಾಗದ ಹುಡುಗ ಹುಡುಗಿ! ಬಾರ್ಟ್ ಹತ್ತಕ್ಕೇ ನಿಂತಿರಬೇಕಾದರೆ ಅಪ್ಪ ಅಮ್ಮನ ಯೌವನ ಮುಂದಕ್ಕೆ ಸರಿಯುತ್ತಲೇ ಇರಬೇಕಲ್ಲ. ಬೇಲಿಯನ್ನು ವರ್ಷಕ್ಕೊಂದಡಿ ಸರಿಸುವ ಪಕ್ಕದ ಜಮೀನಿನವರನ್ನು ನೀವು ಬೇಕಾದಷ್ಟು ನೋಡಿದ್ದೀರಿ, ನಿಮಗೆ ಹೊಸದಲ್ಲ.

ಅದಕ್ಕಿಂತ ದೊಡ್ಡದು 1997ರದು. ಬಾರ್ಟ್‌ನ ಶಾಲೆಯ ಪ್ರಿನ್ಸಿಪಾಲ್ ಸ್ಕಿನ್ನರ್ ನಿಜವಾದ ಸ್ಕಿನ್ನರೇ ಅಲ್ಲ, ಬೇರೆಯವನ ಹೆಸರಿನಲ್ಲಿ ಇಷ್ಟು ವರ್ಷ ಬದುಕಿದವನು ಅಂತ ಒಂದು ಕಂತು ಬಂತು. ನಿಜವಾದವನೂ ಊರಿಗೆ ಬರುತ್ತಾನೆ, ಯಾರಿಗೂ ಹಿಡಿಸುವುದಿಲ್ಲ. ಊರವರೇ ಅವನನ್ನು ಸಾಗಹಾಕುತ್ತಾರೆ. ಆಮೇಲೆ ನ್ಯಾಯಾಧೀಶರು ಆಜ್ಞೆ ಮಾಡುತ್ತಾರೆ: ಈ ವಿಷಯವನ್ನು ಇನ್ನು ಮುಂದೆ ಯಾರೂ ಎತ್ತಕೂಡದು, ಎತ್ತಿದರೆ ಚಿತ್ರಹಿಂಸೆ. ಎಲ್ಲ ಮೊದಲಿನ ಹಾಗೆ. ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಆ ಕಂತು ಕಂಡರೆ ಆಗುವುದಿಲ್ಲ. ನನಗೆ ಆ ತೀರ್ಪು ಇಷ್ಟ. ಇಂಥದೊಂದು ಆಜ್ಞೆ ಕೈಯಲ್ಲಿದ್ದರೆ ನಮ್ಮ ಎಷ್ಟು ಮನೆಗಳ ಪಾಲು ಪಂಚಾಯ್ತಿ ಸಂಜೆಯೊಳಗೆ ಮುಗಿಯುತ್ತಿತ್ತೋ.

ನನ್ನ ಮಗನಿಗೆ 1994ರಲ್ಲಿ ಹತ್ತು ವರ್ಷ. ಬಾರ್ಟ್‌ನ ಓರಗೆಯವನು. ಈಗ ಅವನು ಹೋಮರನ ವಯಸ್ಸನ್ನೂ ದಾಟಿದ್ದಾನೆ, ಕೂದಲೂ ಹೆಚ್ಚುಕಡಿಮೆ ಅಷ್ಟಕ್ಕೇ ಬಂದು ನಿಂತಿದೆ. ಅವನ ಮಗಳು ಈಗ ಬಾರ್ಟ್‌ನ ಓರಗೆ. ನಾನು ರದ್ದಿ ಅಂಗಡಿಯಿಂದ ತಂದ ಒಂದು ಸಂಚಿಕೆಗೆ ಕೊನೇ ಹಾಳೆ ಇರಲಿಲ್ಲ, ಯಾರೋ ಹರಿದಿದ್ದರು. ನಾಲ್ಕು ದಿನ ಕಾದು ನೋಡಿ ಅವಳೇ ಒಂದು ಹಾಳೆ ಬರೆದು ಅಂಟಿಸಿದಳು. ಅದರಲ್ಲಿ ಬಾರ್ಟ್ ಪಾಸಾಗಿ ಐದನೇ ಕ್ಲಾಸಿಗೆ ಹೋಗುತ್ತಾನೆ. ‘ಅಮ್ಮಣ್ಣಿ, ಅವನು ಪಾಸಾಗುವ ಹಾಗಿಲ್ಲ, ಮೂವತ್ತೈದು ವರ್ಷದಿಂದ ನಾಲ್ಕನೇ ಕ್ಲಾಸೇ’ ಅಂದೆ. ‘ಕೊನೇ ಪುಟ ತಾನೇ ತಾತ, ಮುಂದಿನ ಸಂಚಿಕೆಗೆ ಯಾರಿಗೂ ನೆನಪಿರಲ್ಲ ಬಿಡು’ ಅಂದಳು. ಧಾರಾವಾಹಿಯವರ ಪೂರ್ತಿ ಕಾನೂನು ಅವಳಿಗೆ ಗೊತ್ತು.

ಆದರೆ ಅದೇ ಹುಡುಗಿ ನಾನು ಬಾರ್ಟ್‌ನನ್ನು ಬರೆದು ತೋರಿಸಿದಾಗ ಬಿಡಲಿಲ್ಲ. ‘ಇವನು ಬಾರ್ಟ್ ಅಲ್ಲ’ ಅಂದಳು. ಎಣಿಸಿದರೆ ತಲೆಯ ಮೇಲಿನ ಮುಳ್ಳು ಎಂಟೇ ಬಂದಿತ್ತು. ಒಂಬತ್ತು ಇರಬೇಕು. ಕಾರ್ಟೂನು ಮಾಡುವ ಕಡೆ ಪ್ರತಿ ಪಾತ್ರಕ್ಕೂ ಮಾಡೆಲ್ ಶೀಟ್ ಅಂತ ಇರುತ್ತದೆ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣಬೇಕು, ಕಣ್ಣಿನ ಗುಂಡು ಎಷ್ಟು, ತುಟಿ ಎಲ್ಲಿ, ಎಲ್ಲ ಅದರಲ್ಲಿ. ನೂರಾರು ಕೈ ಬರೆದರೂ ಒಬ್ಬನೇ ಹೋಮರ್ ಬರುವುದು ಅದರಿಂದ. ಕಾಮಿಕ್ಸಿನವರು ಕಥೆಯಲ್ಲಿ ಏನೇ ಸ್ವಾತಂತ್ರ್ಯ ತೆಗೆದುಕೊಂಡರೂ ಈ ಗೆರೆ ದಾಟಲ್ಲ. ವರ್ಷ, ವಾರ, ತಿಥಿ ತಪ್ಪಬಹುದು, ಮುಳ್ಳು ತಪ್ಪಬಾರದು. ಹೋಮರ್ ಸೋಮಾರಿಯಾಗಿರಬೇಕು, ಲೀಸಾಗೆ ಸುಳ್ಳು ಕಂಡರೆ ಮೈ ಉರಿಯಬೇಕು. ನೀವು ತಾಳೆ ನೋಡುವುದಾದರೆ ಈ ಕಾಲಮ್ಮು ನೋಡಿ, ವಯಸ್ಸಿನ ಕಾಲಮ್ಮು ಖಾಲಿ ಬಿಟ್ಟುಬಿಡಿ.

ಶಿರಾದ ನಾಲ್ಕನೇ ತರಗತಿ ವಿದ್ಯಾರ್ಥಿನಿ: ಅವರಿಗೆಲ್ಲ ಕೈಯಲ್ಲಿ ನಾಲ್ಕೇ ಬೆರಳು ಯಾಕೆ?

ಐದು ಬರೆದರೆ ಚಿಕ್ಕ ಕೈ ಬಾಳೆಹಣ್ಣಿನ ಚಿಪ್ಪಿನ ಹಾಗೆ ಕಾಣುತ್ತದೆ ಪುಟ್ಟಿ. ಬರೆಯುವ ಕೆಲಸವೂ ಉಳಿಯುತ್ತದೆ. ಮಿಕ್ಕಿ ಮೌಸಿನ ಕೈಯನ್ನೂ ಎಣಿಸಿ ನೋಡು. ಸಿಂಪ್ಸನ್ಸ್‌ನಲ್ಲಿ ದೇವರು ಬಂದಾಗ ಮಾತ್ರ ಐದು ಬೆರಳು. ಇನ್ನೊಂದು ಗುಟ್ಟು: ಹೋಮರನ ಕಿವಿಯ ಮೇಲಿನ ಕೂದಲು ಇಂಗ್ಲಿಷಿನ ಎಂ, ಕಿವಿ ಮೊದಲಿಗೆ ಇಂಗ್ಲಿಷಿನ ಜಿ ಆಗಿತ್ತು. ಮ್ಯಾಟ್ ಗ್ರೇನಿಂಗ್ ಹಾಕಿದ ರುಜು ಅದು.

ಗುಬ್ಬಿಯಿಂದ ಒಬ್ಬ ತಾಯಿ: ನನ್ನ ಮಗ ಈ ಪುಸ್ತಕ ಓದುತ್ತಾ ಒಬ್ಬನೇ ನಗುತ್ತಾನೆ. ಏನೋ ಅಂದರೆ ‘ಅಮ್ಮ, ಇದು ಯಾವುದೋ ಸಿನಿಮಾನ ಆಡಿಕೊಂಡಿರೋದು, ನಿನಗೆ ಗೊತ್ತಾಗಲ್ಲ’ ಅಂತಾನೆ. ಮೂಲ ಗೊತ್ತಿಲ್ಲದ ನಮ್ಮಂಥವರು ಏನು ಮಾಡಬೇಕು?

ಗುಬ್ಬಿಯವರು ಈ ಪ್ರಶ್ನೆ ಕೇಳಬಹುದೇನಮ್ಮ? 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು ನಿಮ್ಮದು. ಗುಬ್ಬಿ ವೀರಣ್ಣನವರು ಹೆಸರಾದದ್ದೇ ಹಾಸ್ಯದಿಂದ, ‘ಸದಾರಮೆ’ಯ ಕಳ್ಳನ ಪಾತ್ರದಿಂದ. ಹಳೇ ಕಾಲದ ಕಥೆಯ ಮಧ್ಯೆ ನುಗ್ಗಿ ಇವತ್ತಿನ ಮಾತಾಡುವ ಹಕ್ಕು ಹಾಸ್ಯಗಾರನಿಗೆ ಯಾವತ್ತೂ ಇದೆ. ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಕೋಡಂಗಿ ಮಾಡುವುದೂ ಅದನ್ನೇ.

ನಾನು ಕೆಲಸದಲ್ಲಿದ್ದಾಗಿನ ಮಾತು. ಮಕ್ಕಳ ಕೈಲಿ ಅರ್ಧ ಗಂಟೆಯ ‘ಕರ್ಣಾರ್ಜುನರ ಕಾಳಗ’ ಮಾಡಿಸಿದ್ದೆವು. ಮುಖಕ್ಕೆ ಬಣ್ಣ ನನ್ನದು. ಕೋಡಂಗಿ ಹಾಕಿದ ಹುಡುಗ ಖಾಲಿ ಬಿಂದಿಗೆ ಹಿಡಿದು ಬಂದು, ‘ಭಾಗವತ್ರೇ, ಕುರುಕ್ಷೇತ್ರಕ್ಕೆ ಒಂದಿನ ಬುಗುಡನಹಳ್ಳಿ ನೀರು ಬಿಟ್ಟಿದ್ರೆ ಯುದ್ಧಾನೇ ಇರ್ತಿರ್ಲಿಲ್ಲ, ಕೌರವ್ರೂ ಪಾಂಡವ್ರೂ ಸಾಲಲ್ಲಿ ನಿಂತ್ಕೊಂಡಿರೋರು’ ಅಂದ. ಬೇಸಿಗೆ ಬೇರೆ. ತುಮಕೂರಿನ ಜನ, ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗೆ ಬರುವುದನ್ನು ಕಾಯುವವರು, ಬಿದ್ದು ಬಿದ್ದು ನಕ್ಕರು. ಅದೇ ತಂಡವನ್ನು ಸ್ಪರ್ಧೆಗೆ ಅಂತ ಪಾವಗಡಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಅದೇ ಮಾತು ಹೇಳಿದ. ಒಬ್ಬರೂ ಮಿಸುಕಲಿಲ್ಲ. ಹುಡುಗ ಒಂದು ಗಳಿಗೆ ಜನರನ್ನೇ ನೋಡಿದ, ಬಿಂದಿಗೆಯನ್ನು ತಿರುವಿ ಹಾಕಿ ಕಿರೀಟದ ಹಾಗೆ ತಲೆಗೆ ಕವುಚಿಕೊಂಡ, ಅದು ಮೂಗಿನ ತನಕ ಇಳಿದು ಸಿಕ್ಕಿಹಾಕಿಕೊಂಡಿತು. ಆಗ ನೋಡಿ ನಗು! ಅರ್ಜುನನೇ ಬಿಲ್ಲು ಕೆಳಗಿಟ್ಟು ಬಿಂದಿಗೆ ಎಳೆದ. ಪಾವಗಡದವರಿಗೆ ಬುಗುಡನಹಳ್ಳಿ ಗೊತ್ತಿಲ್ಲ, ಬಿಂದಿಗೆ ಗೊತ್ತು.

ನಿಮ್ಮ ಮಗನ ಪುಸ್ತಕದಲ್ಲೂ ಇವೆರಡೂ ಇರುತ್ತವೆ. ‘ಸಿಂಪ್ಸನ್ಸ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುಖಪುಟವನ್ನೇ ತೆಗೆದುಕೊಳ್ಳಿ. ಬೆಟ್ಟದಂಥ ಹೋಮರ್ ನೆಲ ಸೀಳಿಕೊಂಡು ಎದ್ದಿದ್ದಾನೆ. ಇದು 1961ರಲ್ಲಿ ಬಂದ ‘ಫೆಂಟಾಸ್ಟಿಕ್ ಫೋರ್’ ಅನ್ನುವ ಸೂಪರ್‌ಹೀರೋ ಕಾಮಿಕ್ಸಿನ ಮೊದಲ ಸಂಚಿಕೆಯ ಮುಖಪುಟದ ಅಣಕ, ಅಲ್ಲಿ ಹೀಗೇ ಒಂದು ರಾಕ್ಷಸ ರಸ್ತೆ ಒಡೆದುಕೊಂಡು ಬರುತ್ತದೆ. ಅದನ್ನು ಕಂಡವರಿಗೆ ಒಂದು ನಗು ಹೆಚ್ಚಿಗೆ. ಕಾಣದವರಿಗೂ ಬೆಟ್ಟದಷ್ಟು ದಪ್ಪದ ಹೋಮರ್ ಇದ್ದಾನಲ್ಲ, ಅದು ಬಿಂದಿಗೆ. ಟಿವಿಯಲ್ಲಾದರೆ ಹಿಂದಿನ ಗೋಡೆ ಮೇಲೆ ಬರೆದ ತಮಾಷೆಯ ಬೋರ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಕಾಗದದ ಮೇಲೆ ಹಾಗಲ್ಲ, ನೀವು ಒಲೆ ಮೇಲಿನ ಹಾಲು ನೋಡಿಕೊಂಡು ಬಂದರೂ ಅದು ಅಲ್ಲೇ ಇರುತ್ತದೆ. ಅದಕ್ಕೇ ಕಾಮಿಕ್ಸಿನವರು ಮೂಲೆ ಮೂಲೆಯಲ್ಲೂ ತುಂಬುತ್ತಾರೆ.

ಬುಗುಡನಹಳ್ಳಿಯೇ ಪೂರ್ತಿ ತುಂಬಿರುವ ಪುಸ್ತಕಗಳೂ ಇವೆ. ನನಗೆ ಅವುಗಳ ಮೇಲೇ ಹೆಚ್ಚು ಪ್ರೀತಿ, ಹೇಳಿಬಿಡುತ್ತೇನೆ. ಬಾರ್ಟ್ ಓದುವ ಕಾಮಿಕ್ಸಿನ ಹೀರೋ ರೇಡಿಯೋಆಕ್ಟಿವ್ ಮ್ಯಾನ್. 1991ರ ಒಂದು ಕಂತಿನಲ್ಲಿ ಬಾರ್ಟ್ ಮತ್ತು ಇಬ್ಬರು ಗೆಳೆಯರು ದುಡ್ಡು ಒಟ್ಟು ಹಾಕಿ, ನೂರು ಡಾಲರಿಗೆ ಅದರ ಮೊದಲ ಸಂಚಿಕೆ ಕೊಳ್ಳುತ್ತಾರೆ. ರಾತ್ರಿಯೆಲ್ಲ ಯಾರು ಕದಿಯುತ್ತಾರೋ ಅಂತ ಒಬ್ಬರನ್ನೊಬ್ಬರು ಕಾಯುತ್ತಾರೆ, ಮಳೆಗಾಳಿಗೆ ಪುಸ್ತಕ ಹಾಳಾಗುತ್ತದೆ. ಕಥೆಯೊಳಗಿನ ಆ ಪುಸ್ತಕವನ್ನು ಬೋಂಗೊದವರು ನಿಜವಾಗಿಯೂ ಅಚ್ಚು ಹಾಕಿದರು. ಮೊದಲನೆಯದರ ನಂಬರು 1, ಅದು 1952ರದು ಅಂತ ನಟನೆ. ಎರಡನೆಯದು ಬಂತು, ನಂಬರು 88! ಆಮೇಲೆ 216, 412, 679, ಕೊನೆಗೆ 1000. ಒಟ್ಟು ಆರೇ ಪುಸ್ತಕ. ನಡುವಿನ ಒಂಬೈನೂರ ತೊಂಬತ್ತನಾಲ್ಕು ಎಲ್ಲಿ? ಇಲ್ಲವೇ ಇಲ್ಲ. ಇಲ್ಲದ ಚರಿತ್ರೆಯನ್ನು ಇದೆ ಅನ್ನಿಸುವುದೇ ಅಲ್ಲಿನ ತಮಾಷೆ. ಐವತ್ತರ ದಶಕದ್ದು ಅಂತ ಹೇಳಿಕೊಳ್ಳುವ ಸಂಚಿಕೆ ಆ ಕಾಲದ ಗೆರೆಯಲ್ಲಿದೆ, ಎಂಬತ್ತರದು ಆ ಕಾಲದ ಹೀರೋಗಳ ಹಾಗೆ ಮುಖ ಗಂಟು ಹಾಕಿಕೊಂಡಿದೆ. ಒಂದೇ ಪಾತ್ರಕ್ಕೆ ಆರು ಕಾಲದ ಕೈ ಹೊಂದಿಸಬೇಕು ಅಂದರೆ ಅದು ಚಿತ್ರಗಾರನ ಪರೀಕ್ಷೆ. ನನ್ನ ಕಟ್ಟಿನಲ್ಲಿ ಅವು ಇರಲಿಲ್ಲ, ಮಗ ಬೆಂಗಳೂರಿಂದ ಬಂದಾಗ ತನ್ನ ಟ್ಯಾಬಿನಲ್ಲಿ ತೋರಿಸಿದ. ರಾತ್ರಿ ಹನ್ನೊಂದರ ತನಕ ಕೊಡಲಿಲ್ಲ ನಾನು.

ಅದರಲ್ಲೊಂದು ಚಿಕ್ಕ ವಿಷಯ. ಟಿವಿಯಲ್ಲಿ ಈ ಹೀರೋನ ತಲೆ ಮೇಲೆ ಮಿಂಚಿನ ಆಕಾರ ಇರುತ್ತದೆ, ವೇಷದ ಅಲಂಕಾರ ಅಂತ ಎಲ್ಲರೂ ಸುಮ್ಮನಿದ್ದೆವು. ಕಾಮಿಕ್ಸಿನವರು ಅದಕ್ಕೂ ಕಾರಣ ಹುಡುಕಿದರು: ಅದು ಬಾಂಬು ಸಿಡಿದಾಗ ತಲೆಯೊಳಗೆ ನಾಟಿದ ಲೋಹದ ಚೂರು, ತೆಗೆಯಲು ಬರುವುದಿಲ್ಲ. ಹಾಗಾಗಿ ಸಾದಾ ಮನುಷ್ಯನಾಗಿ ಓಡಾಡುವಾಗ ಅವನು ಯಾವಾಗಲೂ ಟೋಪಿ ಹಾಕಿಕೊಂಡೇ ಇರಬೇಕು. ಒಬ್ಬ ಬರೆದ ಗೆರೆಗೆ ಇನ್ನೊಬ್ಬ ಕಥೆ ಕಟ್ಟುವುದು ಅಂದರೆ ಇದೇ.

ಕೆ.ಜಿ.ಎಫ್.ನಿಂದ ಒಬ್ಬರು: ಗ್ರೇನಿಂಗರ ಇನ್ನೊಂದು ಧಾರಾವಾಹಿ ‘ಫ್ಯೂಚುರಾಮಾ’ದವರು ಸಿಂಪ್ಸನ್ಸ್ ಮನೆಗೆ ಬಂದ ಕಂತು ನೋಡಿದೆ. ಕಾಮಿಕ್ಸಿನಲ್ಲೂ ಹಾಗೇ ಇದೆಯಂತೆ?

ಇದೆ, ಆದರೆ ಒಂದಕ್ಕೊಂದು ಪೂರಾ ತದ್ವಿರುದ್ಧ. ಫ್ಯೂಚುರಾಮಾ 1999ರಲ್ಲಿ ಶುರುವಾದದ್ದು, ಕಥೆ ನಡೆಯುವುದು ಸಾವಿರ ವರ್ಷದ ಆಚೆ. 2002ರಲ್ಲಿ ಬೋಂಗೊದವರು ಎರಡನ್ನೂ ಸೇರಿಸಿ ಒಂದು ಕಾಮಿಕ್ಸ್ ತಂದರು. ಫ್ಯೂಚುರಾಮಾದವರಿಗೆ ಸಿಂಪ್ಸನ್ಸ್ ಅನ್ನುವುದು ಹಳೇ ಕಾಲದ ಕಥೆಪುಸ್ತಕ ಅಷ್ಟೇ. ಹಾರುವ ಮಿದುಳುಗಳ ಒಂದು ಸೈನ್ಯ ಅವರನ್ನು ಹಿಡಿದು ಆ ಪುಸ್ತಕದೊಳಕ್ಕೇ ತಳ್ಳುತ್ತದೆ. ಎರಡು ಲೋಕಗಳ ನಡುವೆ ಕಾಗದದ ಗೋಡೆ ಇದೆ, ಲೆಕ್ಕ ಸರಿಯಾಗಿದೆ. 2014ರಲ್ಲಿ ಟಿವಿಯವರು ಸೇರಿಸಿದಾಗ ಈ ಗೋಡೆಯನ್ನೇ ಕೆಡವಿದರು. ರೋಬೋ ಬೆಂಡರನನ್ನು ಕಾಲದಲ್ಲಿ ಹಿಂದಕ್ಕೆ, ನೇರವಾಗಿ ಬಾರ್ಟ್‌ನ ಊರಿಗೆ ಕಳಿಸುತ್ತಾರೆ. ಅಂದರೆ ಎರಡೂ ಒಂದೇ ಲೋಕ, ಸಾವಿರ ವರ್ಷದ ಅಂತರ ಅಷ್ಟೇ. ಎರಡೂ ನಿಜವಾಗಲು ಸಾಧ್ಯವಿಲ್ಲ. ನನ್ನ ಓಟು ಕಾಮಿಕ್ಸಿಗೆ; ಅದರಲ್ಲಿ ಯೋಚನೆ ಹೆಚ್ಚು. ತಿಪಟೂರಿನ ಸ್ವಾಮಿಯವರು ಇದನ್ನು ಓದದಿದ್ದರೆ ಒಳ್ಳೆಯದು. ಇನ್ನೊಂದು, 2003ರಲ್ಲಿ ಫ್ಯೂಚುರಾಮಾ ಟಿವಿಯಲ್ಲಿ ನಿಂತುಹೋದಾಗಲೂ ಅದರ ಕಾಮಿಕ್ಸ್ ನಿಲ್ಲಲಿಲ್ಲ. ಧಾರಾವಾಹಿ ಮತ್ತೆ ಬರುವ ತನಕ ದೀಪ ಆರದಂತೆ ನೋಡಿಕೊಂಡದ್ದು ಆ ಪುಸ್ತಕಗಳು.

ಮುಳಬಾಗಿಲಿನ ಓದುಗರು: ಅದರಲ್ಲಿ ಅಪು ಅಂತ ಒಬ್ಬ ಭಾರತೀಯ ಅಂಗಡಿಯವನಿದ್ದಾನೆ. ನಾವು ನಗಬೇಕೋ ಸಿಟ್ಟಾಗಬೇಕೋ?

ನನಗೆ ಎರಡೂ ಆಗಿದೆ. ಹೆಸರು ಬಂದದ್ದು ಸತ್ಯಜಿತ್ ರಾಯರ ಸಿನಿಮಾಗಳ ಅಪುವಿನಿಂದ, ಅಷ್ಟು ಮರ್ಯಾದೆ ಇದೆ. ಅಡ್ಡಹೆಸರು ನಹಸಪೀಮಪೆಟಿಲಾನ್ ಅಂತೆ! ಯಾವ ಊರಿನ ರೇಷನ್ ಕಾರ್ಡಿನಲ್ಲೂ ಕಾಣದ ಹೆಸರು. 1997ರ ಕಂತಿನಲ್ಲಿ ಅವನ ಮದುವೆ ತಪ್ಪಿಸಲು ಹೋಮರ್ ಗಣೇಶನ ವೇಷ ಹಾಕಿಕೊಂಡು ಬರುತ್ತಾನೆ. ಇಡೀ ಧಾರಾವಾಹಿಯಲ್ಲಿ ಕಷ್ಟಪಟ್ಟು ದುಡಿಯುವವನು ಅಪು, ಅದನ್ನು ಒಪ್ಪಬೇಕು. ಜನಕ್ಕೆ ನೋವಾದದ್ದು ಮುಖ್ಯವಾಗಿ ದನಿಯಿಂದ. ಹ್ಯಾಂಕ್ ಅಜಾರಿಯಾ ಅನ್ನುವ ಅಮೆರಿಕದ ನಟ ಭಾರತೀಯರ ಇಂಗ್ಲಿಷನ್ನು ಎಳೆದಾಡಿ ಆಡುತ್ತಿದ್ದರು. ಅಲ್ಲಿ ಬೆಳೆದ ನಮ್ಮ ಮಕ್ಕಳನ್ನು ಶಾಲೆಯಲ್ಲಿ ಅದೇ ದನಿಯಲ್ಲಿ ಅಣಕಿಸಿದರು. 2020ರಲ್ಲಿ ಅಜಾರಿಯಾ ಆ ದನಿ ಕೊಡುವುದನ್ನು ಬಿಟ್ಟರು. ನಿಮ್ಮ ಮುಳಬಾಗಿಲ ಕಡೆಯ ತೆಲುಗು ಬೆರೆತ ಕನ್ನಡವನ್ನು ನಾಟಕ ಸಿನಿಮಾಗಳಲ್ಲಿ ಆಡಿಕೊಂಡದ್ದು ನಿಮಗೆ ಹೇಗನ್ನಿಸಿತ್ತೋ ಹಾಗೆ. ಕಾಮಿಕ್ಸಿನ ಕಾಗದಕ್ಕೆ ದನಿ ಇಲ್ಲ, ಓದುವಾಗ ನನ್ನ ಅಪು ನಮ್ಮ ಬೀದಿ ಕೊನೆಯ ದಿನಸಿ ಅಂಗಡಿಯವರ ದನಿಯಲ್ಲಿ ಮಾತಾಡುತ್ತಾನೆ. ಅವರಿಗೆ ಹೇಳಿಲ್ಲ.

ಗೌರಿಬಿದನೂರಿನ ಶಿಕ್ಷಕಿ: ಶಾಲೆಯ ಗೋಡೆಪತ್ರಿಕೆಗೆ ಒಂದು ಪುಟ ಅನುವಾದಿಸುತ್ತಿದ್ದೇವೆ. ಹೋಮರನ ‘ಡೋ!’ ಅನ್ನುವುದನ್ನು ಕನ್ನಡದಲ್ಲಿ ಏನು ಮಾಡುವುದು?

ಒಳ್ಳೇ ಕಷ್ಟಕ್ಕೆ ಕೈ ಹಾಕಿದ್ದೀರಮ್ಮ. ಟಿವಿಯ ಸ್ಕ್ರಿಪ್ಟಿನಲ್ಲಿ ಆ ಪದವೇ ಇರುವುದಿಲ್ಲ, ‘ಸಿಡುಕಿನ ಗುರುಗುಟ್ಟು’ ಅಂತ ಸೂಚನೆ ಮಾತ್ರ. ದನಿ ಕೊಡುವವರು ಬಾಯಿಂದ ಹೊರಡಿಸಿದ್ದೇ ಪದವಾಯಿತು, 2001ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು. ಕಾಮಿಕ್ಸಿನವರಿಗೆ ಸೂಚನೆ ಸಾಲದು, ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆಯಲೇಬೇಕು. ನೀವು ‘ಡೋ’ ಅಂತಲೇ ಬರೆದರೆ ನಮ್ಮ ಮಕ್ಕಳು ಯಾರನ್ನೋ ಕರೆಯುತ್ತಿದ್ದಾನೆ ಅಂದುಕೊಳ್ಳುತ್ತಾರೆ. ‘ಅಯ್ಯೋ’ ಬೇಡ, ಅದರಲ್ಲಿ ದುಃಖ ಇದೆ. ‘ಛೇ’ ತೀರಾ ಸಭ್ಯ. ಹೋಮರನಿಗೆ ತನ್ನ ಮೇಲೇ ಸಿಟ್ಟು ಬಂದಿರುತ್ತದೆ, ಅದೂ ತಪ್ಪು ಮಾಡಿದ ಅರ್ಧ ಸೆಕೆಂಡು ತಡವಾಗಿ. ನಾನಾದರೆ ‘ಥತ್!’ ಅಂತ ಬರೆಯುತ್ತೇನೆ, ಎರಡನೇ ತ ಸ್ವಲ್ಪ ಓರೆಯಾಗಿ. ದೊಡ್ಡ ಅನಾಹುತವಾದಾಗ ‘ಥತ್ತೇರಿಕೆ’. ಹೋಮರ್ ಆಸೆಯಿಂದ ತಿನ್ನುವ ಡೋನಟ್ಟನ್ನು, ಆ ಸಿಹಿ ವಡೆಯಂಥದನ್ನು, ಮಾತ್ರ ದಯವಿಟ್ಟು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾಡಬೇಡಿ. ಅವನು ಅಲ್ಲಿಯವನು, ಅಲ್ಲಿಯದನ್ನೇ ತಿನ್ನಲಿ.

ಕುಣಿಗಲ್‌ನಿಂದ: ಆ ಹನ್ನೊಂದು ಸಂಚಿಕೆ ಮಾರುವುದಾದರೆ ಎಷ್ಟಕ್ಕೆ ಕೊಡುತ್ತೀರಿ?

ಮೊಮ್ಮಗಳನ್ನು ಕೇಳಿದೆ. ಹತ್ತನ್ನು ಕೊಡಬಹುದಂತೆ. ಕೊನೇ ಹಾಳೆ ಅಂಟಿಸಿದ್ದನ್ನು ಕೊಡುವುದಿಲ್ಲವಂತೆ.